ಆಘಾತದ ನಂತರ ಮನಶ್ಶಾಸ್ತ್ರಜ್ಞರು ಏನು ಮಾಡುತ್ತಾರೆ, ಮನೆಯವರು ಏನು ಮಾಡಬಹುದು

ನನ್ನ ಚಿಕ್ಕಪ್ಪನ ಮಗ ಘಾಟಿ ರಸ್ತೆಯ ಬಸ್ ಅಪಘಾತದಲ್ಲಿ ಬದುಕಿ ಬಂದ. ಕೈಗೊಂದು ಪಟ್ಟಿ, ಹಣೆಗೆ ನಾಲ್ಕು ಹೊಲಿಗೆ. ಅಷ್ಟೇ ಗಾಯ. ಪಕ್ಕದಲ್ಲಿ ಕೂತಿದ್ದ ಗೆಳೆಯ ಉಳಿಯಲಿಲ್ಲ. ಅವನು ಮನೆಗೆ ಬಂದ ದಿನ ನೆಂಟರು, ಅಕ್ಕಪಕ್ಕದವರು, ಕಾಲೇಜಿನವರು ಎಲ್ಲರೂ ಬಂದರು. ಬಂದವರೆಲ್ಲ ಕೇಳಿದ್ದು ಒಂದೇ ಮಾತು: ‘ಏನಾಯ್ತು ಹೇಳು.’ ನಾನೂ ಕೇಳಿದೆ. ಸಂಜೆ ಹೊತ್ತಿಗೆ ಅದನ್ನೇ ಹತ್ತಾರು ಸಲ ಹೇಳಿದ್ದ. ರಾತ್ರಿ ಊಟಕ್ಕೆ ಕರೆದರೆ ಮಾತೇ ಇಲ್ಲ. ಗೋಡೆ ನೋಡುತ್ತಾ ಕೂತಿದ್ದ.

ಒಂದು ತಿಂಗಳಾದರೂ ಅವನಿಗೆ ನಿದ್ದೆ ಹತ್ತಲಿಲ್ಲ. ಕೊನೆಗೆ ಮನಶ್ಶಾಸ್ತ್ರಜ್ಞರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಕೋಣೆಯಲ್ಲಿ ಮೂರು ಕುರ್ಚಿ ಇದ್ದವು. ‘ಎಲ್ಲಿ ಬೇಕೋ ಅಲ್ಲಿ ಕೂತ್ಕೊಳ್ಳಿ’ ಎಂದರು. ಅವನು ಬಾಗಿಲ ಪಕ್ಕದ ಕುರ್ಚಿ ಹಿಡಿದ. ‘ಬಾಗಿಲು ತೆಗೆದಿರಲಾ, ಹಾಕಲಾ?’ ಎಂದರು. ಆಮೇಲೆ ‘ತಿಂಡಿ ಆಯ್ತಾ?’ ಎಂದು ಕೇಳಿದರು. ಅಪಘಾತದ ಬಗ್ಗೆ ಅವತ್ತು ಅವರು ಕೇಳಿದ್ದು ತೀರಾ ಕಡಿಮೆ. ವಾಪಸ್ ಬರುವಾಗ ನನಗೆ ಸ್ವಲ್ಪ ನಿರಾಸೆಯೇ ಆಗಿತ್ತು. ಇಷ್ಟು ದೂರ ಬಂದಿದ್ದು ಇದಕ್ಕಾ ಅನ್ನಿಸಿತ್ತು. ಕುರ್ಚಿ, ಬಾಗಿಲು, ತಿಂಡಿ, ಇವೇ ಚಿಕಿತ್ಸೆಯ ಮೊದಲ ಭಾಗ ಎಂದು ಆಮೇಲೆ ಅರ್ಥವಾಯಿತು. ಎಲ್ಲವೂ ಕೈತಪ್ಪಿ ಹೋದ ಮನುಷ್ಯನಿಗೆ ಸಣ್ಣಪುಟ್ಟ ನಿರ್ಧಾರಗಳನ್ನು ವಾಪಸ್ ಕೊಡುವುದರಿಂದ ಅವರ ಕೆಲಸ ಶುರುವಾಗುತ್ತದೆ. ಕಥೆ ಕೇಳುವುದು ಆಮೇಲಿನ ಮಾತು.

ಅಪಘಾತ, ಬೆಂಕಿ, ನೆರೆ, ಹಲ್ಲೆ, ಕಣ್ಣೆದುರಿನ ಸಾವು, ಯಾವುದೇ ಆಗಲಿ, ದಾರಿ ಹೆಚ್ಚುಕಡಿಮೆ ಒಂದೇ. ಘಟನೆಯ ದಿನದಿಂದ ಶುರುಮಾಡಿ ಒಂದೊಂದೇ ಹಂತ ಹೇಳುತ್ತೇನೆ.

ಮೊದಲ ಗಂಟೆಗಳು, ಮೊದಲ ದಿನಗಳು

ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿಯೊಂದನ್ನು ತಂದಿತು. ಅದರ ಸಾರ ಮೂರು ಮಾತಿನಲ್ಲಿದೆ: ನೋಡಿ, ಕೇಳಿಸಿಕೊಳ್ಳಿ, ಜೋಡಿಸಿ. ಇದನ್ನು ಮಾಡಲು ಡಿಗ್ರಿ ಬೇಕಾಗಿಲ್ಲ. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪೊಲೀಸರು, ಪಕ್ಕದ ಮನೆಯವರು ಯಾರು ಬೇಕಾದರೂ ಕಲಿಯಬಹುದು.

ನೋಡಿ ಅಂದರೆ, ಮೊದಲು ಜಾಗ ಸುರಕ್ಷಿತವಾಗಿದೆಯಾ ನೋಡಿ. ಯಾರಿಗೆ ಗಾಯವಾಗಿದೆ, ಯಾರು ತೀರಾ ಕಂಗೆಟ್ಟಿದ್ದಾರೆ, ಯಾವ ಮಗು ಒಂಟಿಯಾಗಿದೆ ಗಮನಿಸಿ. ಕೂಗಾಡುವವರ ಕಡೆ ಎಲ್ಲರ ಕಣ್ಣು ಹೋಗುತ್ತದೆ. ಮೂಲೆಯಲ್ಲಿ ಸುಮ್ನೆ ಕೂತವರನ್ನು ಯಾರೂ ನೋಡುವುದಿಲ್ಲ. ಅನುಭವ ಇರುವ ಮನಶ್ಶಾಸ್ತ್ರಜ್ಞರು ಅಂಥವರನ್ನು ಹುಡುಕಿಕೊಂಡು ಹೋಗುತ್ತಾರೆ.

ಕೇಳಿಸಿಕೊಳ್ಳಿ ಅಂದರೆ ಹೇಳಿಸುವುದಲ್ಲ. ಪಕ್ಕದಲ್ಲಿ, ಅವರ ಮಟ್ಟಕ್ಕೆ ಕೂತುಕೊಳ್ಳಿ. ಅವರು ನೆಲದ ಮೇಲಿದ್ದರೆ ನೀವೂ ನೆಲದ ಮೇಲೆ. ನಿಮ್ಮ ಹೆಸರು ಹೇಳಿ. ‘ಇಲ್ಲಿ ಕೂರಲಾ?’ ಎಂದು ಕೇಳಿ. ಮಾತಾಡಿದರೆ ಕೇಳಿ, ಸುಮ್ಮನಿದ್ದರೆ ನೀವೂ ಸುಮ್ಮನಿರಿ. ಅಳು ಬಂದರೆ ತಡೆಯಬೇಡಿ.

ಜೋಡಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು, ಮನೆ ಬಿಟ್ಟು ಬಂದವರು ಪರಿಹಾರ ಕೇಂದ್ರಗಳಲ್ಲಿ ಉಳಿದಿದ್ದರಲ್ಲ, ಅಂಥ ಜಾಗವನ್ನು ನೆನೆಸಿಕೊಳ್ಳಿ. ಮೈ ಒದ್ದೆಯಾಗಿ ಬಂದವರಿಗೆ ಮೊದಲು ಬೇಕಾಗುವುದು ಒಣ ಬಟ್ಟೆ. ಅಣ್ಣ ಎಲ್ಲಿದ್ದಾನೆ ಎಂದು ತಿಳಿಯಲು ಚಾರ್ಜ್ ಇರುವ ಒಂದು ಫೋನ್. ಅಜ್ಜಿಗೆ ಬಿಪಿ ಮಾತ್ರೆ. ಮನೆಯ ಜೊತೆಗೇ ಹೋದ ಆಧಾರ್ ಕಾರ್ಡಿಗೆ ಎಲ್ಲಿ ಅರ್ಜಿ ಹಾಕಬೇಕು ಎಂಬ ಮಾಹಿತಿ. ಇವು ಮನಸ್ಸಿನ ಡಾಕ್ಟರ ಕೆಲಸ ಅಲ್ಲ ಅನ್ನಿಸಬಹುದು. ಖಂಡಿತ ಅವರದೇ ಕೆಲಸ. ಒದ್ದೆ ಸೀರೆಯಲ್ಲಿ ನಡುಗುತ್ತಿರುವವರಿಗೆ ‘ನಿಮಗೆ ಏನನ್ನಿಸುತ್ತಿದೆ’ ಎಂದು ಕೇಳುವುದಕ್ಕಿಂತ ಒಂದು ಕಂಬಳಿ ಹೊದಿಸುವುದು ಸಾವಿರ ಪಾಲು ಮೇಲು.

ನಮ್ಮ ಬಾಯಿಗೆ ತಾನಾಗಿ ಬರುವ ಕೆಲವು ಮಾತುಗಳನ್ನು ಈ ಹೊತ್ತಿನಲ್ಲಿ ನುಂಗಿಕೊಳ್ಳಬೇಕು. ‘ಧೈರ್ಯ ತಗೋ.’ ‘ಗಂಡಸಾಗಿ ಅಳ್ತೀಯಾ?’ ‘ಎಲ್ಲಾ ಹಣೆಬರಹ.’ ‘ನಿನ್ನ ಪುಣ್ಯ, ನೀನು ಉಳಿದೆ.’ ಕೊನೆಯದನ್ನು ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಪಕ್ಕದಲ್ಲಿದ್ದವನನ್ನು ಕಳೆದುಕೊಂಡವನ ಕಿವಿಗೆ ಅದು ಬೇರೆಯಾಗಿ ಕೇಳುತ್ತದೆ. ಅವನಿಗೆ ಪುಣ್ಯ ಇರಲಿಲ್ಲವಾ? ಬದಲಿಗೆ ‘ನಾನು ಇಲ್ಲೇ ಇರ್ತೀನಿ’ ಎಂದರೆ ಸಾಕು. ‘ನೀರು ಕುಡೀತೀಯಾ?’ ಎಂದರೂ ಸಾಕು.

ಕೂಡಲೇ ಎಲ್ಲ ಹೇಳಿಸಬಾರದು ಯಾಕೆ

‘ಹೇಳಿಕೊಂಡರೆ ಮನಸ್ಸು ಹಗುರ ಆಗುತ್ತೆ’ ಎಂದು ನಾವೆಲ್ಲ ನಂಬಿದ್ದೇವೆ. ತಜ್ಞರೂ ಒಂದು ಕಾಲಕ್ಕೆ ಹಾಗೇ ನಂಬಿದ್ದರು. ಅಮೆರಿಕದ ಜೆಫ್ರಿ ಮಿಚೆಲ್ 1983ರಲ್ಲಿ ‘ಡಿಬ್ರೀಫಿಂಗ್’ ಎಂಬ ವಿಧಾನದ ಬಗ್ಗೆ ಬರೆದರು. ಘಟನೆ ಆದ ಕೆಲವೇ ದಿನಗಳಲ್ಲಿ ಜನರನ್ನು ಕೂರಿಸಿ, ಏನಾಯಿತು, ಏನನ್ನಿಸಿತು ಎಂದು ವಿವರವಾಗಿ ಹೇಳಿಸುವುದು ಅದರ ಕ್ರಮ. ಅಗ್ನಿಶಾಮಕ ದಳದಂಥ ತುರ್ತು ಸೇವೆಯವರಿಗೆಂದು ಹುಟ್ಟಿದ್ದು, ಆಮೇಲೆ ಎಲ್ಲ ಕಡೆ ಹರಡಿತು.

1997ರಲ್ಲಿ ಬ್ರಿಟನ್‌ನ ಒಂದು ಅಧ್ಯಯನ ಪ್ರಕಟವಾಯಿತು. ಸುಟ್ಟಗಾಯದಿಂದ ಆಸ್ಪತ್ರೆ ಸೇರಿದವರಲ್ಲಿ ಕೆಲವರಿಗೆ ಡಿಬ್ರೀಫಿಂಗ್ ಮಾಡಿದ್ದರು, ಕೆಲವರಿಗೆ ಇಲ್ಲ. 13 ತಿಂಗಳ ನಂತರ ನೋಡಿದರೆ, ಮಾಡಿಸಿಕೊಂಡವರಲ್ಲಿ ಶೇ 26 ಮಂದಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹುಕಾಲ ಉಳಿಯುವ ಮಾನಸಿಕ ಕಾಯಿಲೆ, ಇತ್ತು. ಮಾಡಿಸಿಕೊಳ್ಳದವರಲ್ಲಿ ಶೇ 9. ಮಾಡಿಸಿಕೊಂಡ ಗುಂಪಿನವರ ಗಾಯ ಮೊದಲಿಗೇ ಸ್ವಲ್ಪ ಜಾಸ್ತಿ ಇತ್ತು ಎಂಬುದನ್ನೂ ಹೇಳಬೇಕು. ಆದರೂ ಮುಂದೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಒಂದೇ ಸಲ ಕೂರಿಸಿ ಹೇಳಿಸುವುದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ ಎಂಬುದು ಗಟ್ಟಿಯಾಯಿತು. ಈಗ ಅದನ್ನು ಎಲ್ಲರಿಗೂ ಮಾಡಬಾರದು ಎಂದೇ ಮಾರ್ಗಸೂಚಿಗಳು ಹೇಳುತ್ತವೆ.

ಇದನ್ನು ಓದಿದ ದಿನ ನಮ್ಮ ಮನೆಯ ಜಗಲಿ ನೆನಪಾಯಿತು. ನಾವು ಅವತ್ತು ಮಾಡಿದ್ದೂ ಅದನ್ನೇ.

ಅಂದರೆ ಬಾಯಿ ಮುಚ್ಚಿಸಬೇಕು ಎಂದಲ್ಲ. ಅವರಾಗಿ ಹೇಳಿದರೆ ಪೂರ್ತಿ ಕೇಳಿ. ಕೆದಕಬೇಡಿ, ಅಷ್ಟೇ. ಬಂದವರಿಗೆ ಮನೆಯವರೇ ಬಾಗಿಲಲ್ಲಿ ನಾಲ್ಕು ಮಾತು ಹೇಳಿ ಕಳಿಸಿ, ಆ ಭಾರ ಅವರ ಮೇಲೆ ಬೀಳದಂತೆ ನೋಡಿಕೊಳ್ಳಿ.

ಮಾತ್ರೆಯ ವಿಷಯದಲ್ಲೂ ಒಂದು ಎಚ್ಚರಿಕೆ ಇದೆ. ನಿದ್ದೆ ಬರಲಿ ಎಂದು ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಿಸಬೇಡಿ. ಡಯಾಜೆಪಾಮ್, ಅಲ್ಪ್ರಜೋಲಾಮ್‌ನಂಥ ಮಾತ್ರೆಗಳನ್ನು ಆಘಾತದ ಲಕ್ಷಣಗಳಿಗೆ ಮೊದಲ ತಿಂಗಳಲ್ಲಿ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಈಗಾಗಲೇ ಡಾಕ್ಟರು ಬರೆದುಕೊಟ್ಟು ತೆಗೆದುಕೊಳ್ಳುತ್ತಿದ್ದರೆ ಮಾತ್ರ ತಟ್ಟನೆ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಮೊದಲ ತಿಂಗಳು: ಕಾಯುವುದು, ಆದರೆ ಕಣ್ಣಿಟ್ಟು ಕಾಯುವುದು

ಮೊದಲ ವಾರಗಳಲ್ಲಿ ಬೆಚ್ಚಿ ಬೀಳುವುದು, ನಿದ್ದೆ ಬಾರದಿರುವುದು, ಎದೆ ಡವಡವ ಅನ್ನುವುದು, ಅದೇ ದೃಶ್ಯ ಕಣ್ಮುಂದೆ ಬರುವುದು, ಸಣ್ಣ ಮಾತಿಗೂ ಸಿಟ್ಟು, ಇಲ್ಲವೇ ಏನೂ ಅನ್ನಿಸದೆ ಮರಗಟ್ಟಿದ ಹಾಗಾಗುವುದು, ಇವೆಲ್ಲ ಸಹಜ. ಹುಚ್ಚು ಹಿಡಿಯುತ್ತಿದೆ ಎಂದಲ್ಲ. ಈ ಒಂದು ಮಾತನ್ನು ಮನಶ್ಶಾಸ್ತ್ರಜ್ಞರು ಸ್ಪಷ್ಟವಾಗಿ ಹೇಳಿದಾಗ ಅರ್ಧ ಹೆದರಿಕೆ ಇಳಿಯುತ್ತದೆ. ಜಗತ್ತಿನಲ್ಲಿ ಸುಮಾರು ಶೇ 70 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಘಟನೆ ಎದುರಿಸುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು ಶೇ 5.6 ಮಂದಿಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಿನವರು ತಮ್ಮವರ ಆಸರೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಹಾಗಾಗಿ ಎಲ್ಲರನ್ನೂ ಮೊದಲ ದಿನವೇ ಚಿಕಿತ್ಸೆಗೆ ಎಳೆದೊಯ್ಯಬೇಕಾಗಿಲ್ಲ.

ಈ ತಿಂಗಳಲ್ಲಿ ಮನೆಯವರು ದಿನಚರಿ ಹಿಡಿದು ನಿಲ್ಲಿಸಬೇಕು. ಏಳುವ ಹೊತ್ತು, ಸ್ನಾನ, ಊಟ, ಸಂಜೆ ಒಂದಿಷ್ಟು ನಡೆದಾಟ. ಮದ್ಯಕ್ಕೆ ಕೈ ಹೋಗದಂತೆ ನೋಡಿಕೊಳ್ಳಿ. ನಿದ್ದೆಗೆಂದು ಶುರುವಾದ ಕುಡಿತ ಆಮೇಲೆ ಇನ್ನೊಂದು ಕಾಯಿಲೆಯಾಗುತ್ತದೆ. ವಾಟ್ಸಾಪ್‌ನಲ್ಲಿ ಬರುವ ಆ ಘಟನೆಯ ವಿಡಿಯೊ ಫಾರ್ವರ್ಡ್ ಮಾಡಬೇಡಿ, ಅವರ ಮುಂದೆ ನೋಡಲೂ ಬೇಡಿ. ಇದನ್ನು ಕೈ ಮುಗಿದು ಕೇಳುತ್ತೇನೆ.

ಕೆಲವು ಮನೆಗಳಲ್ಲಿ ತಾಯತ ಕಟ್ಟಿಸುತ್ತಾರೆ, ಹೆದರಿಕೆ ತೆಗೆಸುತ್ತಾರೆ, ದೇವರಿಗೆ ಹರಕೆ ಹೊರುತ್ತಾರೆ. ಒಳ್ಳೆಯ ಮನಶ್ಶಾಸ್ತ್ರಜ್ಞರು ಇದನ್ನು ಹೀಗಳೆಯುವುದಿಲ್ಲ. ಹದಿಮೂರು ದಿನದ ಕರ್ಮಗಳು ದುಃಖಕ್ಕೆ ಒಂದು ಕ್ರಮ ಕೊಡುತ್ತವೆ, ಮನೆಯನ್ನು ಒಂಟಿಯಾಗಲು ಬಿಡುವುದಿಲ್ಲ. ಹೊಡೆದು ಬಡಿದು ‘ಬಿಡಿಸುವ’ ಕಡೆಗೆ ಮಾತ್ರ ಕರೆದೊಯ್ಯಬೇಡಿ.

ಹಳೆಯದು ತಟ್ಟನೆ ಮುಂದೆ ಬಂದು ಮೈ ನಡುಗಿದರೆ ಮಾಡಬಹುದಾದ ಒಂದು ಉಪಾಯವನ್ನು ಆ ಮನಶ್ಶಾಸ್ತ್ರಜ್ಞರು ನನ್ನ ಮುಂದೆಯೇ ಕಲಿಸಿದರು. ಹೊರಗೆ ಯಾವುದೋ ಲಾರಿ ಜೋರಾಗಿ ಬ್ರೇಕ್ ಹಾಕಿತು. ತಮ್ಮನ ಮುಖ ಬಿಳಿಚಿಕೊಂಡಿತು, ಕೈ ಕುರ್ಚಿಯನ್ನು ಬಿಗಿಯಾಗಿ ಹಿಡಿಯಿತು. ಅವರು ಮೆಲ್ಲಗೆ, ‘ಎರಡೂ ಕಾಲನ್ನ ನೆಲಕ್ಕೆ ಒತ್ತಿ. ಕಾಣಿಸೋ ಐದು ವಸ್ತು ಹೇಳಿ’ ಎಂದರು. ‘ಗಡಿಯಾರ. ಫ್ಯಾನು. ನಿಮ್ಮ ನೀಲಿ ಪೆನ್ನು. ಕಿಟಕಿ ಸರಳು. ನನ್ನ ಚಪ್ಪಲಿ.’ ‘ಕೈಗೆ ತಾಗ್ತಿರೋ ನಾಲ್ಕು?’ ‘ಕುರ್ಚಿ... ಪ್ಯಾಂಟಿನ ಬಟ್ಟೆ... ಮೊಬೈಲು... ಪಟ್ಟಿ.’ ಆಮೇಲೆ ಕೇಳಿಸುವ ಮೂರು ಸದ್ದು, ಮೂಗಿಗೆ ಬರುವ ಎರಡು ವಾಸನೆ, ಬಾಯಲ್ಲಿರುವ ಒಂದು ರುಚಿ. ಮುಗಿಯುವ ಹೊತ್ತಿಗೆ ಅವನ ಬೆರಳು ಸಡಿಲವಾಗಿದ್ದವು. ಮನಸ್ಸು ಘಾಟಿಗೆ ಓಡಿಹೋಗಿತ್ತು, ಈ ಲೆಕ್ಕ ಅದನ್ನು ಕೋಣೆಗೆ ವಾಪಸ್ ಕರೆತಂದಿತು. ಇದರ ಜೊತೆಗೆ, ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ನಿಧಾನ ಮಾಡುವುದನ್ನೂ ರೂಢಿ ಮಾಡಿಸಿ.

ಯಾವಾಗ ಹೋಗಬೇಕು, ಎಲ್ಲಿಗೆ ಹೋಗಬೇಕು

ಲೆಕ್ಕಕ್ಕೆ ಒಂದು ತಿಂಗಳು ಇಟ್ಟುಕೊಳ್ಳಿ. ತಿಂಗಳಾದ ಮೇಲೂ ಕೆಟ್ಟ ಕನಸು, ಕಣ್ಮುಂದೆ ಬರುವ ದೃಶ್ಯ ಕಡಿಮೆಯಾಗಿಲ್ಲವಾ? ಆ ದಾರಿ, ಆ ಜನ, ಆ ಮಾತನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದಾರಾ? ತನ್ನದೇ ತಪ್ಪು ಎಂದು ಕೊರಗುತ್ತಾರಾ? ಸದಾ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾರಾ? ಕೆಲಸ, ಓದು, ಸಂಸಾರ ನಡೆಯುತ್ತಿಲ್ಲವಾ? ಹಾಗಿದ್ದರೆ ಹೋಗಿ. ಸಾಯುವ ಮಾತಾಡಿದರೆ, ದಿನಗಟ್ಟಲೆ ಊಟ ನಿದ್ದೆ ಬಿಟ್ಟರೆ ತಿಂಗಳು ಕಾಯಬೇಡಿ. ಅವತ್ತೇ ಹೋಗಿ, ಒಂಟಿಯಾಗಿ ಬಿಡಬೇಡಿ. ತಕ್ಷಣದ ಅಪಾಯ ಇದ್ದರೆ 112ಕ್ಕೆ ಫೋನ್ ಮಾಡಿ.

ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಉಚಿತ ಸಹಾಯವಾಣಿ ಇದು. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ‘ನಮ್ಮ ಮನೆಯಲ್ಲಿ ಒಬ್ಬರಿಗೆ ಅಪಘಾತ ಆದಾಗಿನಿಂದ ನಿದ್ದೆ ಇಲ್ಲ, ಏನು ಮಾಡಬೇಕು?’ ಎಂದು ಕೇಳಿದರೆ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ ಕ್ಲಿನಿಕ್ ಯಾವ ದಿನ?’ ಎಂದು ವಿಚಾರಿಸಿ. ಬೆಂಗಳೂರಿನ ಹತ್ತಿರ ಇದ್ದವರಿಗೆ ನಿಮ್ಹಾನ್ಸ್ ಇದೆ.

ನಿಮ್ಹಾನ್ಸ್‌ಗೂ ಈ ಕೆಲಸಕ್ಕೂ ಹಳೆಯ ನಂಟು. 1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ಸರ್ಕಸ್ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಜಾಸ್ತಿ ಜನ ಸತ್ತರು. ಹೆಚ್ಚಿನವರು ಮಕ್ಕಳು. ಅವರ ಮನೆಯವರ ದುಃಖ ಹೇಗಿತ್ತು ಎಂಬುದನ್ನು ನಿಮ್ಹಾನ್ಸ್ ತಂಡ ಅಧ್ಯಯನ ಮಾಡಿತು. 1984ರ ಭೋಪಾಲ್ ಅನಿಲ ದುರಂತದ ನಂತರ ಇಲ್ಲಿನ ಮನೋವೈದ್ಯರು ಅಲ್ಲಿಗೆ ಹೋಗಿ, ಸ್ಥಳೀಯ ಡಾಕ್ಟರಿಗೇ ತರಬೇತಿ ಕೊಟ್ಟರು. ನೊಂದವರು ಸಾವಿರಾರು, ತಜ್ಞರು ಬೆರಳೆಣಿಕೆ. ಊರಿನವರಿಗೇ ಕಲಿಸಿ ಬರುವುದು ಅಲ್ಲಿಂದ ಮುಂದೆ ನಮ್ಮ ದೇಶದ ದಾರಿಯಾಯಿತು.

ಯಾರ ಹತ್ತಿರ ಹೋಗುತ್ತಿದ್ದೀರಿ ಎಂಬುದು ಗೊತ್ತಿರಲಿ. ಮನೋವೈದ್ಯರು ಎಂಬಿಬಿಎಸ್ ಓದಿದವರು, ಮಾತ್ರೆ ಬರೆಯಬಲ್ಲರು. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಮಾಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ, ನೋಂದಣಿ ಇರಬೇಕು. ನಂಬರ್ ಕೇಳಿ, ಸಂಕೋಚ ಬೇಡ. ‘ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಆಗಿದೆಯಾ?’ ಎಂದೂ ಕೇಳಿ. ನೀವು ಹೇಳಿದ್ದು ಅವರಲ್ಲೇ ಉಳಿಯಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಗೋಪ್ಯತೆಯನ್ನು ನಿಮ್ಮ ಹಕ್ಕು ಎನ್ನುತ್ತದೆ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟ್ ಆದೇಶ ಇದ್ದಾಗ, ಹೀಗೆ ಕಾಯ್ದೆ ಹೇಳಿದ ಕೆಲವು ಸಂದರ್ಭಗಳಲ್ಲಿ ಮಾತ್ರ ಅವರು ಬೇರೆಯವರಿಗೆ ತಿಳಿಸಬಹುದು.

ಒಂದೇ ಸಿಟ್ಟಿಂಗ್‌ನಲ್ಲಿ ಗುಣ ಮಾಡುತ್ತೇನೆ ಎನ್ನುವವರು, ಮೊದಲ ದಿನವೇ ಎಲ್ಲ ಹೇಳು ಎಂದು ಒತ್ತಾಯಿಸುವವರು, ‘ನೀನು ಅಲ್ಲಿಗೆ ಯಾಕೆ ಹೋದೆ’ ಎನ್ನುವವರು ಸಿಕ್ಕರೆ ಎದ್ದು ಬನ್ನಿ. ಬೇರೆಯವರು ಇದ್ದಾರೆ.

ಚಿಕಿತ್ಸೆಯ ಕೋಣೆಯಲ್ಲಿ

ಆಘಾತಕ್ಕೆಂದೇ ಇರುವ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಸಲ ಕೂರುವಷ್ಟು ಇರುತ್ತದೆ. ಕೆಲವರಿಗೆ ಜಾಸ್ತಿ ಬೇಕು. ಮೊದಲು ಪರಿಚಯ, ಪ್ರಶ್ನೆಗಳು. ಆಮೇಲೆ ಮೈ ಮನಸ್ಸನ್ನು ಶಾಂತ ಮಾಡಿಕೊಳ್ಳುವ ಅಭ್ಯಾಸ. ಅದು ಕೈಗೆ ಹತ್ತಿದ ಮೇಲಷ್ಟೇ ‘ಏನಾಯ್ತು’ ಎಂಬ ಮಾತಿಗೆ ಬರುತ್ತಾರೆ.

ಇಲ್ಲಿ ಒಂದು ಗೊಂದಲ ಬರಬಹುದು. ಹೇಳಿಸಬಾರದು ಅಂದಿರಿ, ಈಗ ಹೇಳಿಸುತ್ತಾರಾ? ಹೌದು. ವ್ಯತ್ಯಾಸ ಇರುವುದು ಹೊತ್ತಿನಲ್ಲಿ, ಹಿಡಿತದಲ್ಲಿ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಹೇಳುವವರ ಕೈಯಲ್ಲೇ ಇರುತ್ತದೆ. ನನ್ನ ತಮ್ಮ ಕೈ ಎತ್ತಿದರೆ ಅಲ್ಲಿಗೇ ನಿಲ್ಲಿಸಬೇಕು ಎಂದು ಮೊದಲೇ ಮಾತಾಗಿತ್ತು. ಸಾಮಾನ್ಯ ನೆನಪು ‘ಅವತ್ತು ಆಗಿತ್ತು’ ಎಂದು ಹಿಂದೆ ಉಳಿಯುತ್ತದೆ. ಆಘಾತದ ನೆನಪು ‘ಈಗ ಆಗುತ್ತಿದೆ’ ಎಂದು ಬರುತ್ತದೆ. ಡೀಸೆಲ್ ವಾಸನೆ ಬಂದರೆ ಸಾಕು, ಅವನು ಬಸ್ಸಿನೊಳಗೆ ಇರುತ್ತಿದ್ದ. ಸುರಕ್ಷಿತ ಜಾಗದಲ್ಲಿ, ನಂಬಿಕೆಯ ಒಬ್ಬರ ಮುಂದೆ, ನಿಧಾನವಾಗಿ ಮತ್ತೆ ಮತ್ತೆ ಹೇಳುತ್ತಾ ಹೋದಾಗ ಆ ನೆನಪು ಮೆಲ್ಲಗೆ ಹಿಂದಕ್ಕೆ ಸರಿಯುತ್ತದೆ.

ನನ್ನ ತಮ್ಮನಲ್ಲಿ ಕಗ್ಗಂಟಾಗಿ ಕೂತಿದ್ದು ಒಂದು ಸೀಟು. ಗೆಳೆಯ ಕಿಟಕಿ ಪಕ್ಕ ಕೇಳಿದ್ದ, ಇವನು ಬಿಟ್ಟುಕೊಟ್ಟಿದ್ದ. ‘ನಾನು ಕೊಡದಿದ್ದರೆ ಅವನು ಇರ್ತಿದ್ದ.’ ಇದಕ್ಕೆ ನಾವೆಲ್ಲ ‘ಹಾಗೆಲ್ಲ ಅಂದ್ಕೋಬೇಡ’ ಎನ್ನುತ್ತಿದ್ದೆವು. ಅದರಿಂದ ಏನೂ ಆಗಲಿಲ್ಲ. ಮನಶ್ಶಾಸ್ತ್ರಜ್ಞರು ಕೇಳಿದ್ದೇ ಬೇರೆ ಎಂದು ಅವನು ಆಮೇಲೆ ಹೇಳಿದ. ‘ಸೀಟು ಬದಲಿಸುವಾಗ ಮುಂದೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?’ ‘ಇಲ್ಲ.’ ‘ಮತ್ಯಾಕೆ ಕೊಟ್ರಿ?’ ‘ಅವನಿಗೆ ವಾಂತಿ ಬರೋ ಹಾಗಾಗಿತ್ತು. ಗಾಳಿ ಬೇಕು ಅಂದ.’ ಸ್ವಲ್ಪ ಹೊತ್ತು ಬಿಟ್ಟು ಅವರು, ‘ಹಾಗಾದರೆ ಅವತ್ತು ನೀವು ಏನು ಮಾಡಿದ ಹಾಗಾಯ್ತು?’ ಎಂದರಂತೆ. ಅವನು ಅವತ್ತೇ ಮೊದಲ ಸಲ ಅತ್ತಿದ್ದು. ಉತ್ತರವನ್ನು ಅವರು ಹೇಳಲಿಲ್ಲ, ಅವನೇ ಅಲ್ಲಿಗೆ ಹೋಗಿ ಮುಟ್ಟಿದ. ತಪ್ಪಿತಸ್ಥ ಭಾವ ಹೀಗೆ ಬಿಚ್ಚುತ್ತದೆಯೇ ಹೊರತು ಸಮಾಧಾನದ ಮಾತಿನಿಂದಲ್ಲ. ಇಂಥ ಸಿಕ್ಕುಗಳನ್ನು ಹಿಡಿದು ಕೆಲಸ ಮಾಡುವ ಚಿಕಿತ್ಸೆಯನ್ನು ಅಮೆರಿಕದ ಪೆಟ್ರೀಷಿಯಾ ರೆಸಿಕ್ ರೂಪಿಸಿದರು.

ಜೊತೆಗೆ ಹೊರಗಿನ ಅಭ್ಯಾಸವೂ ನಡೆಯುತ್ತದೆ. ಬಸ್ ಎಂದರೆ ಬೆವರುತ್ತಿದ್ದವನಿಗೆ ಒಂದು ಏಣಿ ಹಾಕಿಕೊಟ್ಟರು. ಮೊದಲು ಬಸ್ ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುವುದು. ಆಮೇಲೆ ನಿಂತ ಬಸ್ಸಿನಲ್ಲಿ ಕೂತು ಇಳಿಯುವುದು. ಆಮೇಲೆ ಒಂದು ಸ್ಟೇಜು, ನನ್ನ ಜೊತೆ. ಆಮೇಲೆ ಒಬ್ಬನೇ. ಘಾಟಿ ಕೊನೆಯ ಮೆಟ್ಟಿಲು. ಒಂದು ಮೆಟ್ಟಿಲಲ್ಲಿ ಹೆದರಿಕೆ ಇಳಿಯದೆ ಮುಂದಿನದಕ್ಕೆ ಹೋಗುವ ಹಾಗಿರಲಿಲ್ಲ. ಮನೆಯವರು ಇಲ್ಲಿ ಅವಸರ ಮಾಡುತ್ತಾರೆ, ‘ಒಂದು ಸಲ ಹೋಗಿ ಬಂದ್ಬಿಡು, ಸರಿ ಹೋಗುತ್ತೆ’ ಎಂದು. ಹಾಗೆ ಮಾಡಬೇಡಿ.

ಇಎಂಡಿಆರ್ ಎಂಬ ಇನ್ನೊಂದು ವಿಧಾನವಿದೆ. ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ್ಣನ್ನು ಆಚೀಚೆ ಆಡಿಸುವುದು ಅದರ ಒಂದು ಭಾಗ. ನೋಡಲು ವಿಚಿತ್ರ ಅನ್ನಿಸಿದರೂ ವಿಶ್ವ ಆರೋಗ್ಯ ಸಂಸ್ಥೆಯೇ ಸೂಚಿಸಿದ ಚಿಕಿತ್ಸೆ ಅದು.

ನಡುವೆ ಎರಡು ಮೂರು ವಾರ ತೊಂದರೆ ಜಾಸ್ತಿಯಾದ ಹಾಗೆ ಕಾಣಬಹುದು. ಮುಚ್ಚಿಟ್ಟಿದ್ದು ಹೊರಗೆ ಬರುವಾಗ ಹಾಗಾಗುತ್ತದೆ. ಬಿಟ್ಟು ಓಡಬೇಡಿ, ಅದನ್ನೇ ಅವರಿಗೆ ಹೇಳಿ. ಇನ್ನೊಂದು ಮಾತು, ನಿಮ್ಮ ಭಾಷೆಯಲ್ಲೇ ಚಿಕಿತ್ಸೆ ಕೇಳಿ. ಇಂಗ್ಲಿಷ್ ಎಷ್ಟೇ ಬರಲಿ, ‘ಎದೆ ಮೇಲೆ ಕಲ್ಲು ಇಟ್ಟ ಹಾಗೆ’ ಎಂಬುದನ್ನು ಹಾಗೇ ಹೇಳಲು ಆಗಬೇಕು. ಹೊರದೇಶದಲ್ಲಿ ಇರುವವರು ಕನ್ನಡ ಬಲ್ಲವರನ್ನು ವಿಡಿಯೊ ಕರೆಯಲ್ಲಾದರೂ ಹುಡುಕಿಕೊಳ್ಳುವುದು ಒಳ್ಳೆಯದು.

ಮಕ್ಕಳಿದ್ದರೆ

ಮಕ್ಕಳು ಹೇಳುವುದಿಲ್ಲ, ತೋರಿಸುತ್ತಾರೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ವಾಪಸ್ ಬರುತ್ತದೆ. ಅಮ್ಮನ ಸೆರಗು ಬಿಡುವುದಿಲ್ಲ. ಬೆಂಕಿ ನೋಡಿದ ಮಗು ಆಟದಲ್ಲೂ ಬೆಂಕಿಯನ್ನೇ ಆಡುತ್ತದೆ. ಬೈಯಬೇಡಿ. ಮನಶ್ಶಾಸ್ತ್ರಜ್ಞರು ಅವರ ಜೊತೆ ಚಿತ್ರ, ಗೊಂಬೆ, ಆಟದ ಮೂಲಕವೇ ಮಾತಾಡುತ್ತಾರೆ. ಸತ್ತವರನ್ನು ‘ಊರಿಗೆ ಹೋಗಿದ್ದಾರೆ’ ಎನ್ನಬೇಡಿ. ಮಗು ಬಾಗಿಲು ಕಾಯುತ್ತಾ ಕೂರುತ್ತದೆ. ಸತ್ಯವನ್ನು ಸಣ್ಣ ಮಾತಿನಲ್ಲಿ ಹೇಳಿ. ಆದಷ್ಟು ಬೇಗ ಶಾಲೆಗೆ ಕಳಿಸಿ, ಕಳಿಸುವ ಮೊದಲು ಟೀಚರಿಗೆ ತಿಳಿಸಿ. ಒಂಟಿಯಾದ, ಅಪಾಯದಲ್ಲಿರುವ ಮಗು ಕಂಡರೆ 1098ಕ್ಕೆ ಕರೆ ಮಾಡಿ.

ವರ್ಷ ತುಂಬುವ ದಿನ

ಚಿಕಿತ್ಸೆ ಮುಗಿದು ಎಲ್ಲ ಸರಿಯಾಗಿದೆ ಅನ್ನಿಸಿದಾಗಲೂ ಆ ತಾರೀಖು ಹತ್ತಿರ ಬಂದರೆ ನಿದ್ದೆ ಕೆಡಬಹುದು, ಸಿಡುಕು ಬರಬಹುದು. ಮನಶ್ಶಾಸ್ತ್ರಜ್ಞರು ಕೊನೆಯ ಸಿಟ್ಟಿಂಗ್‌ಗಳಲ್ಲಿ ಇದನ್ನು ಮೊದಲೇ ಹೇಳಿ ಸಿದ್ಧ ಮಾಡುತ್ತಾರೆ. ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಅವತ್ತು ಏನು ಮಾಡುವುದೆಂದು ಒಂದು ವಾರ ಮೊದಲೇ ಅವರನ್ನೇ ಕೇಳಿ. ಕೆಲವರಿಗೆ ಪೂಜೆ ಬೇಕು, ಕೆಲವರಿಗೆ ಕೆಲಸಕ್ಕೆ ಹೋಗಿಬಿಡಬೇಕು, ಕೆಲವರಿಗೆ ಯಾರ ಜೊತೆಗೂ ಮಾತು ಬೇಡ. ನನ್ನ ತಮ್ಮ ಗೆಳೆಯನ ಮನೆಗೆ ಹೋಗುತ್ತೇನೆ ಎಂದ. ಬಸ್ಸಿನಲ್ಲೇ ಹೋದೆವು, ಅವನು ಕಿಟಕಿ ಪಕ್ಕ ಕೂತ. ದಾರಿಯುದ್ದಕ್ಕೂ ನಾನು ಏನೂ ಕೇಳಲಿಲ್ಲ. ಅಲ್ಲಿ ಗೆಳೆಯನ ತಾಯಿ ಎಲೆ ಹಾಕಿ ಬಡಿಸಿದರು. ಊಟದ ನಡುವೆ ಅವನೇ ಶುರು ಮಾಡಿದ, ‘ಅವತ್ತು ಅವನು ಬಸ್ಸಲ್ಲಿ ಏನಂದಿದ್ದ ಗೊತ್ತಾ ಅಮ್ಮಾ...’